ಹುಟ್ಟಿದ ದಿನದ ರುಜುವಾತು

ವರದಾ ನದಿಯ ದಂಡೆಯ ಮೇಲಿನ, ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಜನಿಸಿ, ಶ್ರೀಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಈ ವಿದ್ಯಾಸಂಸ್ಥೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಮಾಸ್ತರರೊಬ್ಬರು 36 ವರ್ಷಗಳ ಕಾಲ ಪ್ರಾಥಮಿಕ ಶಾಲೆಗಳಲ್ಲಿ ಸೇವೆ ಸಲ್ಲಿಸಿ 2004ರ ಮೇ 31ರಂದು ನಿವೃತ್ತರಾದರು. ಹಿರೇಕೆರೂರು ತಾಲೂಕಿನಲ್ಲಿ ಆರಂಭವಾದ ಅವರ ನೌಕರಿ ಶಿಗ್ಗಾವಿ, ಸವಣೂರುಗಳನ್ನು ಸುತ್ತಿ ಹಾನಗಲ್ಲಿಗೆ ಬಂದು ಮುಕ್ತಾಯವಾಯಿತು. ಹಾನಗಲ್ಲಿನಲ್ಲಿ ಒಂದು ಮನೆ, ಊರಲ್ಲಿ ಸ್ವಲ್ಪ ಭತ್ತದ ಗದ್ದೆ, ತಿಂಗಳಿಗೊಮ್ಮೆ ಬರುವ ಪಿಂಚಣಿ. ಗಂಡ ಹೆಂಡತಿ ಇಬ್ಬರಿಗೆ ಇಷ್ಟು ಸಾಕಾಗಿದ್ದಿತು. ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಅಮೇರಿಕಕ್ಕೆ ಹೋಗಿ, ಅಲ್ಲಿಯೇ ನೆಲೆಸಿ, ಅಲ್ಲಿಯ ನಾಗರಿಕನೂ ಆಗಿದ್ದನು.

2016ರ ಮಳೆಗಾಲದ ಒಂದು ರಾತ್ರಿ ಮಾಸ್ತರರ ಪತ್ನಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಎಪ್ಪತ್ತು ದಾಟಿದ ಮಾಸ್ತರರಿಗೆ ಅವರನ್ನು ಎತ್ತಲಾಗಲಿಲ್ಲ. ನೆರೆಮನೆಯವರು ಎದ್ದು ಬರುವವರೆಗೆ ಇಬ್ಬರೂ ಒದ್ದೆ ನೆಲದ ಮೇಲೆಯೇ ಕುಳಿತಿದ್ದರು. ಈ ಸುದ್ದಿ ತಿಳಿದಂದಿನಿಂದ ಮಗನದು ಒಂದೇ ಹಟ: "ಅಪ್ಪಾ, ಇನ್ನ ಅಲ್ಲಿ ಇಬ್ಬರ ಇರೂದು ಸಾಕು. ಇಲ್ಲೇ ಬಂದುಬಿಡ್ರಿ." ತಾಯಿಗೆ ಮೊಮ್ಮಕ್ಕಳ ಸೆಳೆತ, ಮೇಲಾಗಿ ಆ ರಾತ್ರಿಯ ಭಯ. ಮಾಸ್ತರರಿಗೆ ಮಾತ್ರ ಊರು ಬಿಡುವ ಮನಸ್ಸಿರಲಿಲ್ಲ. ಆದರೆ ತಮ್ಮ ಕೈಯಿಂದ ಎತ್ತಲಾಗದ ಹೆಂಡತಿಯ ಎದುರಿಗೆ ಆ ಮಾತನ್ನು ಆಡುವ ಧೈರ್ಯವೂ ಇರಲಿಲ್ಲ.

ನಿವೃತ್ತರಿಗೆಂದೇ ವಾಸದ ಪರವಾನಿಗೆ ಕೊಡುವ ದೇಶಗಳು ಕೆಲವುಂಟು. ಥಾಯ್ಲೆಂಡಿನಲ್ಲಿ 50 ವರ್ಷ ದಾಟಿದವರು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಿಸಿದರೆ, ಇಲ್ಲವೆ ತಿಂಗಳಿಗೆ 65 ಸಾವಿರ ಬಾತ್ ವರಮಾನ ತೋರಿಸಿದರೆ ವರ್ಷವರ್ಷಕ್ಕೂ ನವೀಕರಿಸಿಕೊಂಡು ಇರಬಹುದು. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಇದನ್ನು ವಿವರಿಸಿದಾಗ ಮಾಸ್ತರರು, "ಅಲ್ಲೆ ನಮ್ಮವರು ಯಾರದಾರಪಾ?" ಎಂದು ಕೇಳಿ ಸುಮ್ಮನಾದರು. ಅಮೇರಿಕದಲ್ಲಿ ನಿವೃತ್ತರ ವೀಸಾ ಎಂಬುದೇ ಇಲ್ಲ. 21 ವರ್ಷ ತುಂಬಿದ ನಾಗರಿಕ ಮಗನೋ ಮಗಳೋ ತನ್ನ ತಂದೆತಾಯಿಗಳಿಗಾಗಿ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರಿಗಾಗಿ ಹಾಕಿದ ಅರ್ಜಿಗಳು ದಶಕಗಟ್ಟಲೆ ಕಾಯುವಲ್ಲಿ ತಂದೆತಾಯಿಗಳಿಗೆ ಸರದಿಯ ಕಾಟವಿಲ್ಲವೆಂಬುದು ಆ ಕಾನೂನಿನ ಔದಾರ್ಯವೆಂದೇ ಹೇಳಬೇಕು. 2017ರಲ್ಲಿ ಮಗನು ಇಬ್ಬರಿಗೂ ಅರ್ಜಿ ಹಾಕಿದನು.

ತಾಯಿಯ ಅರ್ಜಿಗೆ ಮಗನ ಜನನ ಪ್ರಮಾಣಪತ್ರವೊಂದು ಸಾಕು. ತಂದೆಯ ಅರ್ಜಿಗಾದರೋ ಮದುವೆಯೂ ರುಜುವಾತಾಗಬೇಕು! "ನೋಡ್ರಿ, ನಾ ಹಡದೀನಂದ್ರ ಮುಗೀತು. ನೀವ ಸಾಕ್ಷಿ ತರಬೇಕಾತು" ಎಂದು ಪತ್ನಿ ನಕ್ಕರು. 1971ರಲ್ಲಿ ಸವಣೂರಿನಲ್ಲಿ, ಹಂದರದ ಕೆಳಗೆ ನಡೆದ ಆ ಮದುವೆಗೆ ಲಗ್ನಪತ್ರಿಕೆ ಉಂಟು, ಒಂದು ಮಸುಕಾದ ಫೋಟೋ ಉಂಟು. ಸರಕಾರದ ಮುದ್ರೆ ಇಲ್ಲ. 46 ವರ್ಷಗಳ ತರುವಾಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಧೂವರರಾಗಿ ನಿಂತು ಸಹಿ ಮಾಡಿದ್ದಾಯಿತು. ಮಗನ ಜನನಪತ್ರದಲ್ಲಿ ಮಗುವಿನ ಹೆಸರೇ ಇರಲಿಲ್ಲ, ಬರಿದೆ "ಗಂಡು" ಎಂದಿದ್ದಿತು; ಅದರಲ್ಲಿದ್ದ ತಾಯಿಯ ಹೆಸರು ತವರಿನದು, ಪಾಸ್‌ಪೋರ್ಟಿನಲ್ಲಿದ್ದುದು ಗಂಡನ ಮನೆಯದು. ಇವಕ್ಕೆಲ್ಲ ಬೇರೆ ಬೇರೆ ಕಾಗದಗಳನ್ನು ಒದಗಿಸಿ ಮುಂದೆ ಸಾಗಿದರು.

ಜನ್ಮಸ್ಥಳದ ಅಂಕಣವೂ ವಿಚಾರಕ್ಕೆ ಹಚ್ಚಿತು. ಮಾಸ್ತರರು ಹುಟ್ಟಿದ್ದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. ಅಕ್ಷರ ಕಲಿತದ್ದು ಮುಂಬಯಿ ರಾಜ್ಯದಲ್ಲಿ. ನೌಕರಿಗೆ ಸೇರಿದ್ದು ಮೈಸೂರು ರಾಜ್ಯದಲ್ಲಿ. ನಿವೃತ್ತರಾದದ್ದು ಕರ್ನಾಟಕ ರಾಜ್ಯದ ಹಾವೇರಿ ಜಿಲ್ಲೆಯಲ್ಲಿ. ಅದೂ ನಾಲ್ಕು ತಾಲೂಕುಗಳ ಎಲ್ಲೆ ದಾಟದೆ! ಹಳೆಯ ಗೆಜೆಟಿಯರುಗಳಲ್ಲಿ ಹಿರೇಕೆರೂರು ತಾಲೂಕಿಗೆ ಕೋಡ ತಾಲೂಕೆಂದೂ ಶಿಗ್ಗಾವಿಯದಕ್ಕೆ ಬಂಕಾಪುರ ತಾಲೂಕೆಂದೂ ಹೆಸರು; ಪತ್ನಿಯ ತವರಾದ ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನವೇ ಆಗಿದ್ದಿತು.

ನಿಜವಾದ ತೊಡಕು ಬಂದದ್ದು ಮಾಸ್ತರರ ಜನ್ಮದಿನಾಂಕದಲ್ಲಿ.

ಜನನ ಮರಣ ನೋಂದಣಿಯ ಈಗಿನ ಕಾಯಿದೆ 1969ರದು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಪೋಲೀಸ ಪಾಟೀಲರು ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ತಾಲೂಕು ಕಚೇರಿಯಲ್ಲಿ ಹುಡುಕಿಸಿದಾಗ ದಾಖಲೆ ಲಭ್ಯವಿಲ್ಲವೆಂಬ ಪತ್ರ ಸಿಕ್ಕಿತು. ಅಂಥವರು ಆ ಪತ್ರದೊಡನೆ, ತಮಗಿಂತ ಹಿರಿಯರಾದ ಹತ್ತಿರದ ಬಂಧುಗಳಿಂದ ಪ್ರತಿಜ್ಞಾಪತ್ರ ಮಾಡಿಸಿ ಕೊಡಬೇಕು. ಶಾಲೆ ಬಿಟ್ಟ ದಾಖಲೆಯಲ್ಲಿ, ಸೇವಾ ಪುಸ್ತಕದಲ್ಲಿ, ಪಿಂಚಣಿ ಆದೇಶದಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ದಿನಾಂಕ: 1-6-1946.

ಆ ದಿನಾಂಕದ ಮರ್ಮ ಮಾಸ್ತರರಿಗಿಂತ ಚೆನ್ನಾಗಿ ಬಲ್ಲವರಾರು? 1968ರಲ್ಲಿ ಹಿರೇಕೆರೂರು ತಾಲೂಕಿನ ಏಕೋಪಾಧ್ಯಾಯ ಶಾಲೆಯಲ್ಲಿ ಜನರಲ್ ರಜಿಸ್ಟರನ್ನು ತೆರೆದುಕೊಂಡು ಕುಳಿತಾಗ, ಮಗುವನ್ನು ಕರೆತಂದ ತಾಯಂದಿರು "ಕೆರಿ ಕೋಡಿ ಬಿದ್ದ ವರ್ಷ ಹುಟ್ಯಾನ್ರೀ", "ನಮ್ಮ ಬಿಳೇ ಎತ್ತು ಸತ್ತ ಮರುವರ್ಷ" ಎಂದು ಹೇಳುತ್ತಿದ್ದರು. ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿ, ಆರು ತುಂಬುವಂತೆ ಲೆಕ್ಕ ಹಿಡಿದು, ಜೂನ್ 1 ಎಂದು ಬರೆಯುತ್ತಿದ್ದರು. ಶಾಲೆಗಳು ಜೂನಿನಲ್ಲಿ ಆರಂಭವಾಗುತ್ತಿದ್ದುದರಿಂದ ಅದೇ ಅನುಕೂಲದ ದಿನ. ಈ ಸಂಪುಟವನ್ನು ಕೈಯಲ್ಲಿ ಹಿಡಿದ ಅನೇಕರ ಜನ್ಮದಿನವೂ ಅದೇ ಆಗಿದ್ದರೆ ಆಶ್ಚರ್ಯವಿಲ್ಲ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ ನಮ್ಮ ನಾಡಿನ ಶಾಲೆ ಕಚೇರಿಗಳಲ್ಲಿ ಮೇ 31ರಂದು ಬೀಳ್ಕೊಡುಗೆಯ ಹಾರಗಳಿಗೆ ಎಲ್ಲಿಲ್ಲದ ಬೇಡಿಕೆ.

ಶಿಗ್ಗಾವಿಯಲ್ಲಿದ್ದ ಅಣ್ಣ ಮರುಮಾತಿಲ್ಲದೆ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ತಮ್ಮ ಹುಟ್ಟಿದಾಗ ಅವರಿಗೆ ನಾಲ್ಕು ವರ್ಷ. ಅವರು ಏನನ್ನೂ ಕಂಡವರಲ್ಲ. ಎಲ್ಲವನ್ನೂ ಕಂಡಿದ್ದ ಸೋದರತ್ತೆ ಒಪ್ಪಲಿಲ್ಲ.

ಹಿರೇಕೆರೂರು ತಾಲೂಕಿಗೆ ಕೊಟ್ಟಿದ್ದ ಆ ಅತ್ತೆಗೆ 2018ರಲ್ಲಿ 86 ವರ್ಷ. ಕಣ್ಣು ಮಂದವಾಗಿದ್ದವು, ನೆನಪು ಮಂದವಾಗಿರಲಿಲ್ಲ. ಮೂರನೆಯ ಬಾಣಂತನವಾದ್ದರಿಂದ ಅತ್ತಿಗೆ ತವರಿಗೆ ಹೋಗಿರಲಿಲ್ಲವೆಂದೂ, ಸೀಗೀ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದು ಬುಟ್ಟಿ ಇಳಿಸಿದವಳಿಗೆ ಹೊತ್ತು ಮುಳುಗುವುದರೊಳಗೆ ಬ್ಯಾನೆ ಬಂದವೆಂದೂ, ಕೂಸನ್ನು ಮೊದಲು ಎತ್ತಿಕೊಂಡವಳು ತಾನೇ ಎಂದೂ ಒಂದೊಂದಾಗಿ ಹೇಳಿದರು. ವಕೀಲರ ಕಾರಕೂನನು ಬೆರಳಚ್ಚು ಮಾಡಿಸಿ ತಂದ ಛಾಪಾ ಕಾಗದವನ್ನು ಓದಿ, ಜೂನ್ ಒಂದು ಎಂದೊಡನೆ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಜೂನ್ ಅಂದ್ರ ಮಳಿಗಾಲ ಹಿಡಿಯೂ ಹೊತ್ತು. ಆವಾಗ ಎಲ್ಲೀ ಸೀಗೀ ಹುಣ್ಣಿಮಿ? ಕೊರಳಾಗ ಲಿಂಗಾ ಕಟಗೊಂಡು ನಾ ಸುಳ್ಳಿಗೆ ಹೆಬ್ಬಟ್ಟ ಒತ್ತಂಗಿಲ್ಲೋ ತಮ್ಮಾ."

"ಅತ್ತೀ, ಎಲ್ಲಾ ಕಾಗದದಾಗೂ ಹಂಗ ಐತಿ."

"ಕಾಗದಾ ಹಡದಿದ್ದೇನು ನಿನ್ನ?"

ಮಾಸ್ತರರು ನಿರುತ್ತರರಾದರು. ಮನೆಗೆ ಬಂದು ಹಳೆಯ ಪಂಚಾಂಗ ದೊರಕಿಸಿ ನೋಡಿದರು. ವ್ಯಯನಾಮ ಸಂವತ್ಸರದ ಆಶ್ವಯುಜ ಪೌರ್ಣಿಮೆ 1946ರ ಅಕ್ಟೋಬರ 10, ಗುರುವಾರ. 1952ರ ಜೂನಿನಲ್ಲಿ ಇನ್ನೂ ಆರು ತುಂಬದ ಹುಡುಗನನ್ನು ಶಾಲೆಗೆ ಸೇರಿಸಿಕೊಳ್ಳಲು ಅಂದಿನ ಗುರುಗಳು ನಾಲ್ಕು ತಿಂಗಳನ್ನು ದಯಪಾಲಿಸಿದ್ದರು. ಆ ದಯೆಯಿಂದ ಒಂದು ವರ್ಷ ಮೊದಲೇ ಅಕ್ಷರ ಸಿಕ್ಕಿತು. 2004ರಲ್ಲಿ ಐದು ತಿಂಗಳ ಸಂಬಳ ಹೋಯಿತು. ಈ ಲೆಕ್ಕ ಹಾಕುವಾಗ ಮಾಸ್ತರರು ಮೊದಲ ಬಾರಿಗೆ, ತಾವು ಯಾರು ಯಾರಿಗೆ ಎಷ್ಟೆಷ್ಟು ತಿಂಗಳು ಕೊಟ್ಟಿದ್ದೇವೆ, ಎಷ್ಟೆಷ್ಟು ಕಸಿದಿದ್ದೇವೆ ಎಂದು ಚಿಂತಿಸಿದರು.

ಕೊನೆಗೆ ದಾರಿ ತೋರಿದವರು ಹಾನಗಲ್ಲಿನ ವೃದ್ಧ ವಕೀಲರು. ಪ್ರತಿಜ್ಞಾಪತ್ರವನ್ನು ಹೊಸದಾಗಿ ಬರೆಸಿದರು: ಇಂಥ ಊರಿನಲ್ಲಿ, ಇಂಥ ತಂದೆತಾಯಿಗಳ ಹೊಟ್ಟೆಯಲ್ಲಿ ಈತನು ಹುಟ್ಟಿದಾಗ ತಾನು ಅದೇ ಮನೆಯಲ್ಲಿದ್ದೆನು, ಶಾಲೆಯ ದಾಖಲೆಯಂತೆ ಈತನ ಜನ್ಮದಿನಾಂಕ 1-6-1946 ಎಂದಿರುತ್ತದೆ. ಅತ್ತೆ ಎರಡು ಸಲ ಓದಿಸಿ ಕೇಳಿದರು. "ಸಾಲಿಯವರು ಹಂಗ ಬರದಾರ ಅಂತ ಐತಿ, ಹೌದಲ್ಲ? ಅದು ಖರೇ ಐತಿ ಬಿಡು" ಎಂದು ಹೆಬ್ಬೆರಳನ್ನು ಮಸಿಗೆ ಒತ್ತಿದರು.

ಉಳಿದ ಕಾಗದಗಳ ವಿಷಯ ಹೆಚ್ಚು ಬೆಳೆಸಬೇಕಾದುದಿಲ್ಲ. ಪೋಲೀಸ ಪತ್ರ, ಎದೆಯ ಕ್ಷ-ಕಿರಣ, ಚುಚ್ಚುಮದ್ದು ಎಲ್ಲ ಆದವು. ಒಂದು ಪತ್ರ ಮಾತ್ರ ಮಾಸ್ತರರನ್ನು ಕಲಕಿತು. ತಂದೆತಾಯಿಗಳು ಆ ದೇಶದ ಸರಕಾರಕ್ಕೆ ಹೊರೆಯಾಗದಂತೆ ತಾನು ನೋಡಿಕೊಳ್ಳುವೆನೆಂದು ಮಗನು ತನ್ನ ವರಮಾನದ ಲೆಕ್ಕದೊಡನೆ ಬರೆದುಕೊಟ್ಟ ಜಾಮೀನು ಅದು. ಅದೇ ಮಗನ ಓದಿಗಾಗಿ ಹಿಂದೊಮ್ಮೆ ಸೊಸಾಯಿಟಿಯಲ್ಲಿ ಗದ್ದೆಯನ್ನು ಬರೆದುಕೊಟ್ಟು ಸಾಲ ತೆಗೆದವರು ಮಾಸ್ತರರು. ಹಿರಿಯರಿಗೆ ಅಲ್ಲಿಯ ಸರಕಾರದ ವೈದ್ಯಕೀಯ ವಿಮೆ ಹಣ ಕೊಟ್ಟು ಪಡೆಯಬೇಕೆಂದರೂ ಐದು ವರ್ಷ ಎಡೆಬಿಡದೆ ವಾಸವಾಗಿರಬೇಕು; ಅಲ್ಲಿಯವರೆಗಿನ ಭಾರವೂ ಮಗನದೇ.

2019ರಲ್ಲಿ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ದೂತಾವಾಸದಲ್ಲಿ ಸಂದರ್ಶನವಾಯಿತು. ಗಾಜಿನ ಆಚೆಗಿದ್ದ ತರುಣ ಅಧಿಕಾರಿ ಬಲಗೈ ಎತ್ತಿ ಪ್ರಮಾಣ ಮಾಡಲು ಹೇಳಿದರು. ಮಗನ ಉದ್ಯೋಗ, ಮೊಮ್ಮಕ್ಕಳ ಹೆಸರು ಕೇಳಿದ ಮೇಲೆ, ಅರ್ಜಿಯಲ್ಲಿರುವುದೆಲ್ಲ ಸತ್ಯವೇ ಎಂದರು. ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಸ್ತರರು ತಮ್ಮ ಶಾಲೆಯ ಇಂಗ್ಲೀಷಿನಲ್ಲಿ, ಎಲ್ಲವೂ ಸತ್ಯ, ಹುಟ್ಟಿದ ದಿನ ಮಾತ್ರ ಶಾಲೆಯು ಕೊಟ್ಟದ್ದು, ತಾಯಿ ಕೊಟ್ಟ ದಿನ ಬೇರೆ ಎಂದರು. ಪಕ್ಕದಲ್ಲಿದ್ದ ಪತ್ನಿಯ ಎದೆ ಹಾರಿತು. ಮೂರು ವರ್ಷಗಳ ಓಡಾಟ ಒಂದು ಮಾತಿನಿಂದ ನೀರುಪಾಲಾಗಬಹುದಾಗಿದ್ದಿತು. ಅಧಿಕಾರಿ ಅತ್ತೆಯ ಪ್ರತಿಜ್ಞಾಪತ್ರದ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಓದಿದರು. ಬಳಿಕ ಮಾತಿಲ್ಲದೆ ಪಾಸ್‌ಪೋರ್ಟುಗಳನ್ನು ತಮ್ಮ ಕಡೆ ಇರಿಸಿಕೊಂಡರು. ಒಪ್ಪಿಗೆಯ ಗುರುತು ಅದೇ ಎಂದು ಹೊರಗೆ ಬಂದ ಮೇಲೆ ಯಾರೋ ತಿಳಿಸಿದರು.

ಆ ವರ್ಷ ಸೀಗೀ ಹುಣ್ಣಿಮೆ ಅಕ್ಟೋಬರ 13ರಂದು. ಅಂದು ಅತ್ತೆಯ ಹೊಲದಲ್ಲಿ ಚರಗ ಚೆಲ್ಲಿ, ನವೆಂಬರದಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿರುವುದಾಗಿ ಪಿಂಚಣಿದಾರರ ಪ್ರಮಾಣಪತ್ರ ಕೊಟ್ಟು, ಮಾಸ್ತರರು ಪತ್ನಿಯೊಡನೆ ವಿಮಾನವೇರಿದರು. ವರ್ಷಕ್ಕೊಮ್ಮೆ ಇದೇ ಹುಣ್ಣಿಮೆಗೆ ಬರುವೆನೆಂದು ಅತ್ತೆಗೆ ಮಾತು ಕೊಟ್ಟಿದ್ದರು. 2020ರಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು. ಎಂದಿನಂತೆ ಮತ್ತೆ ಹಾರಾಟ ನಡೆದದ್ದು 2022ರ ಮಾರ್ಚಿನಿಂದ. ಅಷ್ಟರೊಳಗೆ ಅತ್ತೆ ಲಿಂಗೈಕ್ಯರಾಗಿದ್ದರು.

2022ರ ಅಕ್ಟೋಬರ 9ರ ಸೀಗೀ ಹುಣ್ಣಿಮೆಗೆ ಮಾಸ್ತರರೊಬ್ಬರೇ ಬಂದರು. ಅತ್ತೆಯ ಮೊಮ್ಮಗನ ಮನೆಯಲ್ಲಿ ಒಂದನೆಯ ಇಯತ್ತೆಗೆ ಸೇರಿದ್ದ ಹುಡುಗನೊಬ್ಬನಿದ್ದನು. ಹಳೆಯ ರೂಢಿಯಂತೆ ಮಾಸ್ತರರು, "ಇವನ್ದು ಎಷ್ಟನೇ ತಾರೀಖು ಬರಿಸೀರಿ?" ಎಂದು ಕೇಳಿದರು. ಹುಡುಗನ ತಾಯಿ ಪ್ಲಾಸ್ಟಿಕ್ ಹೊದಿಸಿದ ಜನನಪತ್ರವನ್ನು ತಂದು ತೋರಿಸಿದಳು. ದವಾಖಾನೆ, ಊರು, ದಿನ ಎಲ್ಲ ಅದರಲ್ಲಿದ್ದವು. ಹುಟ್ಟಿದ ಗಳಿಗೆಯನ್ನೂ ಆಕೆ ನಿಮಿಷದ ಲೆಕ್ಕದಲ್ಲಿ ಹೇಳಿದಳು. ಅಂದು ಯಾವ ತಿಥಿಯಿದ್ದಿತೆಂದು ಮಾತ್ರ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.