ಬಾಯಲ್ಲೇ ಕತ್ತಿ ಬೀಸೋ ಸಿಚುವಾನ್ ಹೈದ!

ಚೀನಾ ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗೋದು ಬ್ರೂಸ್ ಲೀ, ಜಾಕಿ ಚಾನ್. ಇವತ್ತು ನಾನು ಪರಿಚಯಿಸುತ್ತಿರುವ ಆಸಾಮಿ ಕಾಲೆತ್ತಿ ಒದೆಯೋನಲ್ಲ ಸ್ವಾಮಿ, ಬಾಯಲ್ಲೇ ಹೊಡೆಯೋನು! ಹೆಸರು ಗಾಯ್. ಅಸಲಿ ಹೆಸರು ಜೋ ಯೆನ್. ಸಿಚುವಾನ್ ಪ್ರಾಂತ್ಯದಲ್ಲಿ 1987ರಲ್ಲಿ ಹುಟ್ಟಿ, ಚೊಂಗ್‌ಚಿಂಗ್ ನಗರದ ಬಾರುಗಳಲ್ಲಿ ಹಾಡಿ ಹೊಟ್ಟೆ ಹೊರೆದವ. 2017ರಲ್ಲಿ 'ರ‍್ಯಾಪ್ ಆಫ್ ಚೈನಾ' ಸ್ಪರ್ಧೆ ಗೆದ್ದ ಇಬ್ಬರಲ್ಲಿ ಇವನೊಬ್ಬ.

ಆ ಸ್ಪರ್ಧೆಯಲ್ಲಿ ಅವನು ಎತ್ತಿಕೊಂಡದ್ದು ಹಳೇ ಸಿನಿಮಾ ಹಾಡು. 1990ರ ಹಾಂಗ್‌ಕಾಂಗ್ ಚಿತ್ರ 'ಸ್ವೋರ್ಡ್ಸ್‌ಮನ್'ಗೆ ಜೇಮ್ಸ್ ವಾಂಗ್ ಕಟ್ಟಿದ್ದು. ಐದೇ ಸ್ವರಗಳ ಧಾಟಿ, ನಮ್ಮ ಮೋಹನ ರಾಗದ ಹಾಗೆ; ಒಮ್ಮೆ ಕೇಳಿದರೆ ಗುನುಗಬಹುದು. ಅದರ ನಡುವೆ ತನ್ನ ಮಾತು ತುರುಕಿ ರ‍್ಯಾಪ್ ಮಾಡಿದ. ಅವನ ಶೈಲಿಗೆ ಅಲ್ಲಿನವರು 'ಜಿಯಾಂಗ್‌ಹು' ಅಂತಾರೆ. ಪದಾರ್ಥ ನದಿ-ಸರೋವರ, ಒಳಾರ್ಥ, ಸರ್ಕಾರದ ಕೈಗೆ ಸಿಗದ ಕತ್ತಿವೀರರು, ಪುಂಡರು, ಅಲೆಮಾರಿಗಳ ಲೋಕ.

ಆದರೆ ನನ್ನನ್ನ ಹಿಡಿದು ಕೂರಿಸಿದ್ದು ಅವನ ಭಾಷೆ. ಎಷ್ಟೋ ಹಾಡುಗಳಲ್ಲಿ ಸಿಚುವಾನ್-ಚೊಂಗ್‌ಚಿಂಗ್ ಕಡೆಯ ಆಡುಮಾತೇ. ಚೀನೀ ಭಾಷೆಯಲ್ಲಿ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಸಿಚುವಾನಿನವರ ಏರಿಳಿತವೇ ಬೇರೆ, ಬೀಜಿಂಗಿನವರದೇ ಬೇರೆ. ರ‍್ಯಾಪಿನಲ್ಲಿ ರಾಗ ಕಮ್ಮಿ, ಮಾತೇ ಜಾಸ್ತಿ. ಹಾಗಾಗಿ ಊರ ಮಾತು ಬದಲಾದರೆ ಹಾಡಿನ ನಡಿಗೆಯೇ ಬದಲು! ಚೆಂಗ್ಡು ನಗರದ ನಾಲ್ವರು ಹುಡುಗರ 'ಹೈಯರ್ ಬ್ರದರ್ಸ್' ತಂಡವೂ ಇದೇ ಮಾತಿನಲ್ಲಿ ಹಾಡಿ, 2017ರ 'ಮೇಡ್ ಇನ್ ಚೈನಾ' ಮೂಲಕ ಅಮೆರಿಕದವರ ಕಿವಿಗೂ ಬಿತ್ತು. (ಹೆಸರು ಬಂದದ್ದು ಹೈಯರ್ ಫ್ರಿಡ್ಜ್ ಕಂಪೆನಿಯಿಂದ. ನಗಬೇಡಿ!) ನೆನಪಿಡಿ, ದೇಶಕ್ಕೆಲ್ಲ ಪುತೋಂಗ್‌ಹ್ವಾ ಅನ್ನೋ ಒಂದೇ ಮಾತು ಇರಲಿ ಅಂತ 1956ರಿಂದ ಸರ್ಕಾರ ಪಟ್ಟು ಹಿಡಿದ ನಾಡು ಅದು.

ನಾನು ಗದಗ ಕಡೆಯವ. ಪಿಯುಸಿ ಅರ್ಧಕ್ಕೇ ಬಿಟ್ಟೆ. ಬಿಡೋ ಮುಂಚೆ ಒಬ್ಬ ಲೆಕ್ಚರರ್ 'ಏನ್ ಮಾಡಾಕತ್ತೀಯಪಾ' ಅಂತ ನನ್ನ ಮಾತು ಅಣಕಿಸಿ ಇಡೀ ಕ್ಲಾಸನ್ನ ನಗಿಸಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಸಿನಿಮಾದಲ್ಲೂ ನೋಡಿ, ಈ ಮಾತು ಹೆಚ್ಚಾಗಿ ಕಾಮಿಡಿಯವನ ಪಾಲಿಗೇ. ಗಾಯ್ ಅಂಥದ್ದೇ ಊರ ಮಾತು ಹಿಡಿದು ಕಿರೀಟ ಹೊತ್ತ. ಭಲೇ!

ಇಲ್ಲಿಗೇ ಕತೆ ಮುಗಿದಿದ್ರೆ ಸಿನಿಮಾ ಥರ ಇರ್ತಿತ್ತು. 2018ರ ಜನವರಿಯಲ್ಲಿ ಹುನಾನ್ ಟೀವಿಯ 'ಸಿಂಗರ್' ಕಾರ್ಯಕ್ರಮದಲ್ಲಿ ಹಾಡುತ್ತಿದ್ದವ ಇದ್ದಕ್ಕಿದ್ದಂತೆ ಮಾಯ! ಹಚ್ಚೆಯವರು, ಹಿಪ್‌ಹಾಪ್‌ನವರು ಟೀವಿಗೆ ಬೇಡ ಅಂತ ಮೇಲಿನಿಂದ ಸೂಚನೆ ಬಂದಿದೆ ಅನ್ನೋ ಸುದ್ದಿ ಆಗ ಹಬ್ಬಿತು. 2020ರಲ್ಲಿ ಅದೇ ರ‍್ಯಾಪ್ ಸ್ಪರ್ಧೆಗೆ ಗುರುವಾಗಿ ಕೂತ, ಸರಿ. ಆದರೆ ಹಾಡುಗಳಲ್ಲಿ ಪುಂಡ ಕಮ್ಮಿಯಾಗಿ ದೇಶ-ಪರಂಪರೆ ಜಾಸ್ತಿಯಾಯ್ತು. ಕೇಳೋಕೆ ಚೆನ್ನಾಗೇ ಇವೆ. ಪರಂಪರೆ ಅನ್ನೋದು ಗೇಟ್ ಪಾಸ್ ಆಗಿಬಿಟ್ರೆ ಮಾತ್ರ ಖಾರ ಇಳಿಯುತ್ತೆ. ನನಗೆ ಬೇಕಾದದ್ದು ಆ ಬಾರಿನ ಗಾಯ್.

ಅದಕ್ಕೇ ಗುವಾಂಗ್‌ಡಾಂಗಿನ ಹ್ವೇಜೋ ಊರಿನ 'ಸ್ಕೈ ಈಸ್ ಯುವರ್ ಗಾಡ್' ನನಗೆ ಹಿಡಿಸೋದು. 2025ರಲ್ಲಿ ಮೊಬೈಲ್ ಮೊಬೈಲಿನಲ್ಲೂ ಕುಣಿದ ಅವನ ಹಾಡಿನಲ್ಲಿ ಕ್ಯಾಂಟನೀಸ್ ನಾಟಕದ ಹಳೇ ದನಿಯ ತುಣುಕು ತಾಳಕ್ಕೆ ಕೂತಿದೆ. ಮಾತೆಲ್ಲ ಬಂಗಲೆ, ಮೀನಿನ ಕೊಳ, ಅಂಕಲ್‌ಗೆ ಕೊಟ್ಟ ಚಹಾದ ಸೆಟ್ಟು! ಭಕ್ತಿಯೋ ಗೇಲಿಯೋ ಹೇಳೋದು ಕಷ್ಟ. ಆದರೆ ಬಾಯಿ ತೆರೆದರೆ ಸಾಕು, ಇವನು ದಕ್ಷಿಣದವನು ಅಂತ ಚೀನಾದವರಿಗೆ ತಿಳಿಯುತ್ತೆ. ಅವನೂ ಅದನ್ನ ಮುಚ್ಚಿಡೋಕೆ ಹೋಗಿಲ್ಲ.