ಹೆಡ್ ಇಳಿಸುವ ಮುಂಚೆ, ಪುಟ್ಟಿ

ಸಕಲೇಶಪುರ
ಭಾನುವಾರ

ಚಿ. ಪುಟ್ಟಿಗೆ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಫೋನ್ ಬಂದಾಗಿನಿಂದ ನನ್ನ ಮನಸ್ಸೆಲ್ಲ ಆ ಗಾಡಿಯ ಮೇಲೇ ಇದೆ. ಸೆಕೆಂಡ್ ಹ್ಯಾಂಡ್ ಆದರೇನು, ನೀನು ದುಡಿದು ಕೊಂಡ ಕಾರು. ಹೀಟ್ ಆಗುತ್ತದೆ ಅಂದ ಕೂಡಲೇ ಗ್ಯಾರೇಜಿನವರು ಇಂಜಿನ್ನಿನ ಹೆಡ್ ಇಳಿಸಬೇಕು ಅಂದರಂತೆ. ಸದ್ಯಕ್ಕೆ ಒಪ್ಪಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೀಟ್ ಆಗುವುದು ಒಂದೇ ದೂರು, ಕಾರಣ ಹತ್ತು. ಯಾವಾಗ ಹೀಟ್ ಆಗುತ್ತದೆ ಅಂತ ನೋಡಿಕೊಂಡರೆ ಎಲ್ಲಿ ಕೆಟ್ಟಿದೆ ಅನ್ನುವುದು ಮುಕ್ಕಾಲು ಪಾಲು ಸಿಕ್ಕ ಹಾಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ನೆಲಮಂಗಲ ದಾಟಿ ಹೈವೇಗೆ ಬಿದ್ದರೆ ಇಳಿಯುತ್ತದೆ ಅಂದೆಯಲ್ಲ, ಆ ಮಾತಿನಲ್ಲೇ ಸುಳಿವಿದೆ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಮೊದಲ ಅನುಮಾನ ಅದರ ಮೇಲೇ ಇರಲಿ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ನಿಂತಲ್ಲೇ ಓಡಲು ಬಿಟ್ಟು, ಬಾನೆಟ್ ಎತ್ತಿ ನಿಲ್ಲು. ಮುಳ್ಳು ಅರ್ಧ ದಾಟುವಷ್ಟರಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಇಂಜಿನ್ ಆಫ್ ಮಾಡಿ ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್, ಮೋಟರ್ ಇವನ್ನು ಒಂದೊಂದಾಗಿ ನೋಡಿಸು. ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸುವ ಕೆಲಸ ಅದು. ಕೈ, ದುಪಟ್ಟಾ ಫ್ಯಾನಿನಿಂದ ದೂರವಿರಲಿ. ಇಂಜಿನ್ ನಿಂತ ಮೇಲೂ ಅದು ಒಮ್ಮೆಲೇ ತಿರುಗಿಬಿಡಬಹುದು.

ಇದಕ್ಕೆ ತದ್ವಿರುದ್ಧವಾಗಿ, ಸಿಗ್ನಲ್ಲಿನಲ್ಲಿ ಸುಮ್ಮನಿದ್ದು ಹೈವೇಯಲ್ಲಿ, ಇಲ್ಲಾ ಶಿರಾಡಿ ಘಾಟಿ ಏರುವಾಗ ಹೀಟ್ ಆದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು. ಹಳೆ ಗಾಡಿಗಳಿಗೆ ಬೋರ್‌ವೆಲ್ ನೀರನ್ನೇ ಸುರಿದು ಸುರಿದು ಸಣ್ಣ ನಳಿಗೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಕೂಲೆಂಟ್ ಜೊತೆಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿಸು, ನಲ್ಲಿ ನೀರು ಬೇಡ.

ಥರ್ಮೋಸ್ಟಾಟ್ ವಾಲ್ವ್ ಅಂತ ಒಂದಿದೆ. ನೀರು 82ರಿಂದ 88 ಡಿಗ್ರಿ ಮುಟ್ಟಿದಾಗ ತೆರೆದುಕೊಂಡು ರೇಡಿಯೇಟರಿಗೆ ಬಿಡುತ್ತದೆ. ಮುಳ್ಳು ಮೇಲಿದ್ದು, ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಿದ್ದು, ಕೆಳಗಿನದು ತಣ್ಣಗೇ ಇದ್ದರೆ ವಾಲ್ವ್ ಅಂಟಿಕೊಂಡಿರಬಹುದು ಅಂತ ಲೆಕ್ಕ. ಆಗ ಕೆಲವರು, ನಮ್ಮ ಸೆಖೆಗೆ ಇದು ಬೇಡ, ತೆಗೆದುಬಿಡೋಣ ಅನ್ನುತ್ತಾರೆ. ಬೇಡ ಅನ್ನು. ಅದಿಲ್ಲದಿದ್ದರೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ. ಹೊಸದು ಹಾಕಿಸು, ಅದೇನೂ ದುಬಾರಿಯಲ್ಲ.

ರೇಡಿಯೇಟರ್ ಮುಚ್ಚಳವನ್ನೂ ನೋಡಿಸು. ಬೆಂಗಳೂರಿನ ಎತ್ತರಕ್ಕೆ ಬರಿಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆ ಮುಚ್ಚಳ ಒತ್ತಡ ಹಿಡಿದಿಡುವುದರಿಂದಲೇ ಒಳಗಿನ ಕೂಲೆಂಟ್ 120ರ ಆಸುಪಾಸಿನವರೆಗೂ ಕುದಿಯದೆ ತಡೆಯುತ್ತದೆ. ಅದರ ರಬ್ಬರ್ ಹೋಗಿದ್ದರೆ ಉಳಿದಿದ್ದೆಲ್ಲ ಸರಿಯಿದ್ದೂ ಕೂಲೆಂಟ್ ಉಕ್ಕುತ್ತದೆ. ಇದೇ ಕಾರಣಕ್ಕೆ, ಬಿಸಿ ಇರುವಾಗ ಯಾರು ಏನೇ ಹೇಳಲಿ, ಆ ಮುಚ್ಚಳ ಬಿಚ್ಚಕೂಡದು. ಮುಖ ಮೈ ಬೆಂದುಹೋಗುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಗುರುತುಗಳೇ ಬೇರೆ. ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತದೆ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲ. ಆಯಿಲ್ ಗೇಜ್ ಕಡ್ಡಿ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಾಣಬಹುದು. ಇವುಗಳಲ್ಲಿ ಯಾವುದನ್ನು ತೋರಿಸಿ ಹೆಡ್ ಕೆಲಸ ಅಂದರು ಅಂತ ಕೇಳು. ತೋರಿಸಿದರೆ ನಾನೂ ಒಪ್ಪುತ್ತೇನೆ. ಅವರೇನೂ ಮೋಸ ಮಾಡುತ್ತಿದ್ದಾರೆ ಅಂತಲ್ಲ ಮಗಳೇ. ನೋಡದೆ ಹೇಳಿದ ಮಾತಿಗೆ ನಿನ್ನ ದುಡ್ಡು ಹೋಗಬಾರದು, ಅಷ್ಟೇ.

ದಾರಿಯಲ್ಲಿ ಮುಳ್ಳು ಕೆಂಪಿನತ್ತ ಹೋದರೆ ಏಸಿ ಆಫ್ ಮಾಡಿ ಹೀಟರನ್ನು ಪೂರ್ತಿ ಹಾಕು. ಇಂಜಿನ್ನಿನ ಬಿಸಿ ಅಷ್ಟಾದರೂ ಹೊರಗೆ ಬರುತ್ತದೆ. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡು. ಇನ್ನೊಂದು ಕಿಲೋಮೀಟರ್ ತಾನೇ ಅಂತ ಎಳೆದರೆ ಹೆಡ್ ಬೆಂಡ್ ಆಗುತ್ತದೆ, ಇವತ್ತು ಇಲ್ಲದ ಕೆಲಸ ಆಗ ನಿಜಕ್ಕೂ ಬರುತ್ತದೆ. ಮುಳ್ಳು ಏರಿದ್ದು ಒಮ್ಮೆಲೇ ತಣ್ಣಗಿನ ಕಡೆ ಬಿದ್ದರೂ ನಿಲ್ಲಿಸು. ಕೂಲೆಂಟೆಲ್ಲ ಸೋರಿಹೋಗಿ ಸೆನ್ಸರಿಗೆ ತಾಗದಿದ್ದರೂ ಹಾಗಾಗುತ್ತದೆ.

ಈ ಕಾಗದವನ್ನು ಗಾಡಿಯಲ್ಲೇ ಇಟ್ಟುಕೊ. ಫ್ಯಾನ್ ನೋಡಿದ ಕೂಡಲೇ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ. ಹಬ್ಬಕ್ಕೆ ಮಾತ್ರ ಈ ಸಲ ಬಸ್ಸಿಗೇ ಬಾ. ನಿನ್ನ ಚಿಕ್ಕಮ್ಮ ಆಗಲೇ ದಿನ ಎಣಿಸುತ್ತಿದ್ದಾಳೆ.

ಇಂತಿ,
ನಿನ್ನ ಪ್ರೀತಿಯ ಚಿಕ್ಕಪ್ಪ