ಅಡಿಟಿಪ್ಪಣಿಯಲ್ಲಿ ಅವ್ವನಿಗೆ ಜಾಗ ಎಲ್ಲಿ?

ಪದವಿ ಕಾಲೇಜಿಗೆ ಹೋಗೋ ನಮ್ಮ ಹುಡುಗ ಹುಡುಗಿಯರಿಗೆ ಹೊಸದೊಂದು ತಲೆನೋವು ಗಂಟುಬಿದ್ದಿದೆ. ಪ್ರಬಂಧ ಬರೆದರೆ ಸಾಲದು, ಅದು ಎಂ.ಎಲ್.ಎ. ಪ್ರಕಾರ ಇರಬೇಕಂತೆ, ಎ.ಪಿ.ಎ. ಪ್ರಕಾರ ಇರಬೇಕಂತೆ. ಈ ಎಂ.ಎಲ್.ಎ. ಓಟು ಕೇಳಲು ಬರುವವರಲ್ಲ. ಅಮೆರಿಕದ ಭಾಷೆ-ಸಾಹಿತ್ಯದ ಅಧ್ಯಾಪಕರ ಸಂಘ. ಎ.ಪಿ.ಎ. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ. ಅದರ ನಿಯಮ 1929ರಲ್ಲಿ ಏಳು ಪುಟದ ಲೇಖನವಾಗಿ ಹುಟ್ಟಿತು. ಶಿಕಾಗೊ ಕೈಪಿಡಿ ಇನ್ನೂ ಹಳೆಯದು, 1906ರದು.

ಸಾರ ಇಷ್ಟೇ. ಸಾಹಿತ್ಯದವರ ಎಂ.ಎಲ್.ಎ. ಆವರಣದಲ್ಲಿ ಹೆಸರು, ಪುಟ ಕೇಳುತ್ತದೆ. ಸಮಾಜವಿಜ್ಞಾನದವರ ಎ.ಪಿ.ಎ. ಹೆಸರು, ವರ್ಷ ಕೇಳುತ್ತದೆ. ಚರಿತ್ರೆಯವರು ಶಿಕಾಗೊ ಹಿಡಿದು ಅಡಿಟಿಪ್ಪಣಿ ಹಾಕುತ್ತಾರೆ. ವರ್ಷ ಸಣ್ಣ ವಿಷಯವಲ್ಲ. ಅಂಬೇಡ್ಕರರ 'ಜಾತಿ ವಿನಾಶ' 1936ರದು. 2014ರ ಮುದ್ರಣ ಓದಿದವನು ಬರೀ 2014 ಅಂತ ಬರೆದರೆ ಎಪ್ಪತ್ತೆಂಟು ವರ್ಷದ ಜಗಳವೇ ಅಳಿಸಿಹೋಗುತ್ತದೆ. ಎ.ಪಿ.ಎ. '1936/2014' ಎಂದು ಎರಡನ್ನೂ ಬರೆಸುತ್ತದೆ. ಅದು ನ್ಯಾಯ.

ಹೆಸರಿನ ವಿಷಯಕ್ಕೆ ಬಂದರೆ ನ್ಯಾಯ ತಪ್ಪುತ್ತದೆ. ಮೂರೂ ಪದ್ಧತಿಗಳ ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು ಬರಬೇಕು. ನಮ್ಮವರಿಗೆ ಮನೆಯೇ ಇರಲಿಲ್ಲ, ಮನೆತನದ ಹೆಸರು ಎಲ್ಲಿಂದ ತರೋದು? ಸಿದ್ಧಲಿಂಗಯ್ಯ ಅಂದರೆ ಸಿದ್ಧಲಿಂಗಯ್ಯ, ಮುಗೀತು. ನಮ್ಮ ದೊಡ್ಡಬಳ್ಳಾಪುರದ ಡಿ.ಆರ್. ನಾಗರಾಜರ 'ಡಿ' ಊರು, 'ಆರ್' ಅಪ್ಪ ರಾಮಯ್ಯ. ದೇವನೂರ ಮಹಾದೇವ ಅವರನ್ನು ಎ.ಪಿ.ಎ. 'ಮಹಾದೇವ, ದೇ.' ಮಾಡುತ್ತದೆ, ಒಂದು ಊರೇ ಅರ್ಧ ಅಕ್ಷರವಾಗಿ ಹೋಯಿತು. ಕನ್ನಡದ ಓದುಗ ಅವರನ್ನು ಹುಡುಕುವುದು 'ದ'ಕಾರದಲ್ಲಿ.

ನನಗೆ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು. ಎಂ.ಎ. ಓದುವಾಗ ರಾಗಿ ಕಳೆ ಕೀಳುತ್ತಾ ನಮ್ಮವ್ವ ಹೇಳುತ್ತಿದ್ದ ಪದಗಳನ್ನು ಬರಕೊಂಡು ಕಿರುಪ್ರಬಂಧ ಮಾಡಿದೆ. ಆಧಾರಗಳ ಪಟ್ಟಿಯಲ್ಲಿ ಅವಳ ಹೆಸರು ಹಾಕಿದ್ದೆ. 'ಇದು ಆಧಾರವಲ್ಲ, ತೆಗೀರಿ' ಎಂದರು ನೋಡಿದವರು. ಅವೇ ಪದಗಳನ್ನು ಯಾರೋ ಸಂಗ್ರಹಿಸಿ ಅಚ್ಚು ಹಾಕಿಸಿದ್ದರೆ ಆ ಸಂಗ್ರಾಹಕ ಆಧಾರವಾಗುತ್ತಿದ್ದ. ಹಾಡಿದವಳು ಅಲ್ಲ, ಬರಕೊಂಡವನು ಪಂಡಿತ!

ಎ.ಪಿ.ಎ. ಬಾಯಿಮಾತನ್ನು ಖಾಸಗಿ ಸಂವಹನ ಎಂದು ಆವರಣದೊಳಗೆ ಕೂರಿಸಿ, ಪಟ್ಟಿಯಿಂದ ಹೊರಗಿಡುತ್ತದೆ. ಓದುಗನಿಗೆ ಮತ್ತೆ ಸಿಗುವುದಿಲ್ಲ ಅನ್ನುವುದು ಕಾರಣ. ಎಂ.ಎಲ್.ಎ. ಸಂದರ್ಶನ ಕೊಟ್ಟವರನ್ನು ಪಟ್ಟಿಯೊಳಗೇ ಸೇರಿಸುತ್ತದೆ. ಕೆನಡಾದಲ್ಲಿ ಲೊರಿಸಿಯಾ ಮ್ಯಾಕ್‌ಲಿಯಡ್ ಎಂಬ ಕ್ರೀ ಜನಾಂಗದ ಗ್ರಂಥಪಾಲಕಿ ತಮ್ಮ ಹಿರಿಯರ ಮಾತನ್ನು ಪುಸ್ತಕಕ್ಕೆ ಸರಿಸಮವಾಗಿ ಪಟ್ಟಿಯಲ್ಲಿ ಸೇರಿಸುವ ಮಾದರಿಗಳನ್ನು ರೂಪಿಸಿ, 2021ರಲ್ಲಿ ಅದರ ಬಗ್ಗೆ ಬರೆದರು. ನಮ್ಮ ಜಾನಪದ ಸಂಗ್ರಹಗಳಲ್ಲೂ ಕೆಲವರು ವಕ್ತೃವಿನ ಹೆಸರು, ವಯಸ್ಸು, ಊರು ಅಚ್ಚು ಮಾಡಿದ್ದಾರೆ. ದಾರಿ ಇಲ್ಲದೇನಿಲ್ಲ.

ಗೆಳೆಯರೇ, ನಿಯಮ ಬೇಡ ಅನ್ನುತ್ತಿಲ್ಲ. ಯಾರ ಮಾತು ಎಲ್ಲಿಂದ ಬಂತೆಂದು ಹೇಳುವುದು ಸಾಲ ಒಪ್ಪಿಕೊಂಡಂತೆ. ನಮ್ಮವರ ಸಾಲವನ್ನಂತೂ ಯಾರೂ ಬರೆದಿಡಲಿಲ್ಲ. ಮೇಷ್ಟ್ರುಗಳು ಒಂದೇ ಪದ್ಧತಿ ಹಿಡಿದು ಕೊನೆತನಕ ಕಲಿಸಲಿ. ಹುಡುಗರು ಕನ್ನಡದ ಹೆಸರನ್ನು ತಿರುಗಿಸದೆ ಬರೆಯಲಿ, ಕೇಳಿದರೆ ಕಾರಣ ಹೇಳಲಿ. ಹೇಳಿದವರು ಒಪ್ಪಿದರೆ ಅವರ ಹೆಸರು, ಊರು, ಕೇಳಿದ ದಿನ ಇಷ್ಟನ್ನೂ ಪಟ್ಟಿಯೊಳಗೇ ಬರೆಯಿರಿ. ತೆಗೀರಿ ಅಂದವರನ್ನು ಕೇಳಿ: ಯಾವ ನಿಯಮ, ಎಷ್ಟನೇ ಪುಟ?